ಗೆಳೆಯನಿಗೊಂದು ಪತ್ರ: ಅಷ್ಟು ಮಳೆಯಲ್ಲಿ ತೋಳ ಯಾಕೆ?

ಲೋ ಗುಂಡ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ನಿನ್ನ ಸ್ಟೇಟಸ್ ನೋಡಿದ್ದೇನೆ, ಚೆನ್ನಾಗೇ ಇದ್ದೀಯ. ಹಸಿರು ಸ್ವೆಟರ್ ಇನ್ನೂ ಬದುಕಿದೆ, ಸಂತೋಷ.

ನಿನ್ನೆ ರಾತ್ರಿ ಇಲ್ಲಿ ಜೋರು ಮಳೆ. ಹೋದ ಕರೆಂಟ್ ಬಂತು, ನಿದ್ದೆ ಮಾತ್ರ ಬರಲಿಲ್ಲ. ಸುಮ್ನೆ ‘ದ ಡೇ ಆಫ್ಟರ್ ಟುಮಾರೋ’ ಸಿನಿಮಾ ಹಾಕಿದೆ. 2004ರಲ್ಲಿ ಕ್ಲಾಸಿಗೆ ಚಕ್ಕರ್ ಹೊಡೆದು ನಾವಿಬ್ಬರೂ ನೋಡಿದ್ದು. (ಇಂಟರ್ವಲ್‌ನಲ್ಲಿ ಏನಾಯಿತು ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ, ಹೆದರಬೇಡ.) ಆಗ ಬಾಯಿ ಬಿಟ್ಟುಕೊಂಡು ನೋಡಿದ್ದೆವು. ಈಗ ಸಿಟ್ಟು ಬರುತ್ತದೆ ಮಾರಾಯ.

ಮೂರು ದೈತ್ಯ ಬಿರುಗಾಳಿಗಳು. ಅರ್ಧ ಭೂಮಿ ಹೆಪ್ಪುಗಟ್ಟುತ್ತಿದೆ. ಸ್ಕಾಟ್ಲೆಂಡಿನಲ್ಲಿ ಇಂಧನ ಗಟ್ಟಿಯಾಗಿ ಹೆಲಿಕಾಪ್ಟರುಗಳು ಕಾಯಿ ಉದುರಿದ ಹಾಗೆ ಉದುರುತ್ತವೆ. ನ್ಯೂಯಾರ್ಕಿನ ಬೀದಿಗೆ ಸಮುದ್ರವೇ ನುಗ್ಗುತ್ತದೆ. ಇಷ್ಟು ಸಾಲದಾ? ಸಾಲದಂತೆ! ಹುಡುಗನಿಗೆ ಹೇಳಿಕೊಳ್ಳಲಾಗದ ಪ್ರೀತಿ. ಆ ಹುಡುಗಿಯ ಕಾಲಿಗೆ ಗಾಯ, ಗಾಯಕ್ಕೆ ನಂಜು, ನಂಜಿಗೆ ಪೆನ್ಸಿಲಿನ್ ಬೇಕು. ಪೆನ್ಸಿಲಿನ್ ಇರುವುದು ಬೀದಿಗೆ ತೇಲಿ ಬಂದ ಹಡಗಿನಲ್ಲಿ. ಹಡಗಿನೊಳಗೆ ಝೂನಿಂದ ತಪ್ಪಿಸಿಕೊಂಡ ತೋಳಗಳು! ಸಾಯಲು ಚಳಿಯೊಂದೇ ಸಾಲದೆ? ತೋಳ ಯಾಕಪ್ಪಾ? ಹರಿಕಥೆ ದಾಸರೂ ಇಷ್ಟು ಉಪಕಥೆ ಹಾಕುವುದಿಲ್ಲ. ಹಾಕಿದರೂ ಮಂಗಳಾರತಿ ಹೊತ್ತಿಗೆ ಮೂಲ ಕಥೆಗೆ ವಾಪಸ್ ಬಂದಿರುತ್ತಾರೆ.

ಅಪ್ಪನ ಕಥೆಯನ್ನೂ ಹೀಗೇ ಬೈಯಲು ಶುರು ಮಾಡಿದ್ದೆ. ಮಗ ಲೈಬ್ರರಿಯಲ್ಲಿ ಸಿಕ್ಕಿಹಾಕಿಕೊಂಡು, ಪುಸ್ತಕ ಸುಟ್ಟು ಮೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಾನೆ. ಬರ್ತೀನಿ ಅಂತ ಮಾತು ಕೊಟ್ಟ ಅಪ್ಪ, ಹಿಮದಲ್ಲಿ ನಡೆದೇ ಬರುತ್ತಾನೆ. ಬಂದು ಮಾಡುವುದೇನು? ಏನೂ ಇಲ್ಲ. ಅಷ್ಟರಲ್ಲಿ ಬಿರುಗಾಳಿ ನಿಂತಿರುತ್ತದೆ, ಮಗ ಬದುಕಿರುತ್ತಾನೆ. ಬರುತ್ತಾನೆ, ಅಷ್ಟೆ.

ಅಲ್ಲಿ ಟಿವಿ ಆರಿಸಿಬಿಟ್ಟೆ.

2022ರ ಸೆಪ್ಟೆಂಬರ್ 4, ಭಾನುವಾರ ರಾತ್ರಿ. ನಿನಗೆ ನೆನಪಿದ್ದೇ ಇರುತ್ತದೆ. ಸೋಮವಾರ ಬೆಳಗಾಗುವಷ್ಟರಲ್ಲಿ 131.6 ಮಿಲಿಮೀಟರ್ ಮಳೆ. ಸಮುದ್ರವಿಲ್ಲ, ದೊಡ್ಡ ನದಿಯಿಲ್ಲ, 900 ಮೀಟರ್ ಎತ್ತರದಲ್ಲಿರೋ ಬೆಂಗಳೂರು ಮುಳುಗುವುದು ಹೇಗೋ ಅಂತ ನೀನು ಅಲ್ಲಿಂದ ನಕ್ಕಿದ್ದೆ. ಹೇಗೆ ಅಂದ್ರೆ, ನಿಮ್ಮ ಮನೆ ಇರುವುದು ಎಸ್.ಟಿ. ಬೆಡ್‌ನಲ್ಲಿ. ಶ್ರೀನಿವಾಗಿಲು ಕೆರೆಯ ಅಂಗಳ. ರಾಜಕಾಲುವೆ ತುಂಬಿದರೆ ನೀರು ಬಂದು ತನ್ನ ಹಳೇ ಜಾಗದಲ್ಲೇ ಕೂರುತ್ತದೆ, ಅಲ್ವಾ?

ಆಮೇಲೆ ನೀನು ನಗಲಿಲ್ಲ. ಅಮ್ಮ ಒಬ್ಬರೇ ಇದ್ದಾರೆ, ಕೆಳಗಿನ ಮನೆ, ಒಂಚೂರು ಹೋಗಿ ನೋಡೋ ಅಂದೆ. ಅರ್ಧ ಗಂಟೆ ಬಿಟ್ಟು ನಾನೇ ಫೋನ್ ಮಾಡಿ, ‘ಸೊಂಟದ ಮಟ್ಟ ನೀರು ಕಣೋ, ಅಗರ ದಾಟಲು ಆಗಲಿಲ್ಲ, ವಾಪಸ್ ಬಂದೆ’ ಅಂದೆ.

ನಾನು ಅಗರದ ತನಕ ಹೋಗಿರಲಿಲ್ಲ. ಗೇಟು ಕೂಡ ದಾಟಿರಲಿಲ್ಲ. ಬೇಸ್‌ಮೆಂಟಿನಿಂದ ಕಾರು ಮೇಲೆ ತರುತ್ತಿದ್ದೆ. ಸೊಂಟದ ಮಟ್ಟ ಅನ್ನೋದು ವಾಟ್ಸಾಪ್‌ನಲ್ಲಿ ಬಂದಿದ್ದ ಯಾವುದೋ ವಿಡಿಯೊದ್ದು.

ಅಮ್ಮನನ್ನು ಪಕ್ಕದ ಮನೆಯವರು ಮಹಡಿಗೆ ಕರೆದುಕೊಂಡು ಹೋದರು, ಪುಣ್ಯ. ಮೂರು ದಿನ ಬಿಟ್ಟು ನಾನು ಹೋದೆ. ಗೋಡೆ ಮೇಲೆ ನೀರಿನ ಗೆರೆ ಇನ್ನೂ ಒದ್ದೆಯಾಗಿತ್ತು. ‘ಪಾಪ, ಆ ಮಳೆಯಲ್ಲಿ ಅಗರದ ತನಕ ಬಂದಿದ್ಯಂತೆ’ ಅಂತ ಕಾಫಿ ಕೊಟ್ಟರು. ಕುಡಿದೆ. ಇನ್ನೊಂದು ಲೋಟ ಹಾಕಿದರು, ಅದನ್ನೂ ಕುಡಿದೆ.

ಐದಾರು ಕಿಲೋಮೀಟರ್ ಕಣೋ. ಹಿಮವೂ ಇರಲಿಲ್ಲ.

ಸರಿ, ಜಾಸ್ತಿ ಆಯ್ತು. ಸಿನಿಮಾ ಬಗ್ಗೆ ಬರೆಯಲು ಕೂತವನು, ನೋಡು, ನಾನೂ ಹಡಗಿಗೆ ತೋಳ ಬಿಟ್ಟೆ. ನಿನ್ನ ಸಮಾಧಾನಕ್ಕೆ ಹೇಳ್ತೀನಿ: ಆ ಕಾರನ್ನು ಮೇಲೆ ತಂದು ನಿಲ್ಲಿಸಿದ್ದು ಕಾಂಪೌಂಡಿನ ಮೋರಿ ಇರುವ ಮೂಲೆಯಲ್ಲಿ. ಬೆಳಗ್ಗೆ ಸೀಟಿನ ತನಕ ನೀರು. ಬೇಸ್‌ಮೆಂಟಿಗೆ ಹನಿ ಬಿದ್ದಿರಲಿಲ್ಲ! ಮಾರುವಾಗ ಕೊಳ್ಳಲು ಬಂದವನು ಒಳಗೆ ತಲೆ ಹಾಕಿ, ‘ಸಾರ್, ಕೆರೆ ವಾಸನೆ’ ಅಂದ. ಇಪ್ಪತ್ತು ಸಾವಿರ ಕಡಿಮೆ ಮಾಡಿದೆ.

ಅಮ್ಮನಿಗೆ ಹೇಳಬೇಡ. ಅವರು ಇದನ್ನೆಲ್ಲ ಓದುವುದಿಲ್ಲ. ನಿನ್ನ ತಂಗಿ ಓದುತ್ತಾಳೆ ಅನ್ನೋದು ಈಗ ನೆನಪಾಯ್ತು.

ತಂಗೀ, ನಮಸ್ಕಾರ.

ನಿನ್ನ,
ಮೂರನೇ ಇಡ್ಲಿ