ಒಂದು ಚುಕ್ಕಿಗೆ ಸೈನ್ಸ್ ಬಿಡ್ತೀಯಾ?

ಪ್ರೀತಿಯ ಪುಟ್ಟಿಗೆ, ದೊಡ್ಡಪ್ಪನ ಆಶೀರ್ವಾದಗಳು.

ಹಾಸ್ಟೆಲ್ ಸಮಾಚಾರ ನಿಮ್ಮಪ್ಪ ಹೇಳಿದ್ದಾನೆ, ಅದಿರಲಿ. ಕಾಗದದ ಕೊನೆಗೆ ಬರೆದಿದ್ದೀಯಲ್ಲ, 'ಕೆಮಿಸ್ಟ್ರಿಯಲ್ಲಿ ಪರಮಾಣುವಿನ ಹೊರಗಿನ ಎಲೆಕ್ಟ್ರಾನ್‌ಗಳಿಗೆ ಹಾಕುವ ಚುಕ್ಕಿ ಎಲ್ಲಿಡಬೇಕು ಅಂತ ಎಲ್ಲರಿಗೂ ನೋಡಿದ ಕೂಡಲೇ ಗೊತ್ತಾಗುತ್ತೆ, ನನಗೆ ಮಾತ್ರ ಇಲ್ಲ, ಸೈನ್ಸ್ ನನಗಲ್ಲ' ಅಂತ. ನನ್ನ ತಲೆಯಲ್ಲಿ ಅದೊಂದೇ ಸುತ್ತುತ್ತಿದೆ.

ಆ ಚುಕ್ಕಿಗಳನ್ನು ತಂದ ಅಮೆರಿಕದ ವಿಜ್ಞಾನಿ ಲೂಯಿಸ್‌ಗೂ ನೋಡಿದ ಕೂಡಲೇ ಗೊತ್ತಾಗಿರಲಿಲ್ಲ ಕಣೇ. 1902ರಲ್ಲಿ ಆತ ಪರಮಾಣುವನ್ನು ಚೌಕ ಡಬ್ಬಿಯ ಹಾಗೆ ಬರೆದು, ಮೂಲೆ ಮೂಲೆಗೆ ಎಲೆಕ್ಟ್ರಾನ್ ಇಟ್ಟು ನೋಡಿದ. ಆ ಡಬ್ಬಿಗಳಲ್ಲಿ ಎರಡು ಪರಮಾಣು ಮೂರು ಜೋಡಿ ಎಲೆಕ್ಟ್ರಾನ್ ಹಂಚಿಕೊಳ್ಳುವ ಟ್ರಿಪಲ್ ಬಾಂಡ್ ತೋರಿಸಲು ಆಗುತ್ತಲೇ ಇರಲಿಲ್ಲ. ಬಾಂಡ್ ಅಂದರೆ ಹಂಚಿಕೊಂಡ ಜೋಡಿ ಚುಕ್ಕಿ ಅನ್ನುವ ಆತನ ಲೇಖನ ಅಚ್ಚಾಗಿದ್ದು 1916ರಲ್ಲಿ. ನೀನು ಒಂದು ಪಾಠಕ್ಕೇ ಕೈಚೆಲ್ಲಿದ್ದೀಯ.

ನಾನೂ ಪಿಯುಸಿಗೆ ಸೈನ್ಸ್ ತಗೊಂಡವನೇ. ಕನ್ನಡ ಮೀಡಿಯಂನಿಂದ ಹೋದವನಿಗೆ ವೇಲೆನ್ಸಿ ಅಂದರೇನು ಅಂತ ಎದ್ದು ಕೇಳಲು ನಾಚಿಕೆ. ಕಾಮರ್ಸ್‌ಗೆ ಬದಲಾಯಿಸಿಕೊಂಡೆ. ಮನೆಯಲ್ಲಿ ಯಾಕೆ ಅಂತ ಯಾರೂ ಕೇಳಲಿಲ್ಲ. ಸೊಸೈಟಿ ಕೆಲಸ ಅನ್ನ ಹಾಕಿತು, ಅದನ್ನು ದೂರುವುದಿಲ್ಲ. ಆದರೂ ಆಮೇಲೆ ನಿಮ್ಮಪ್ಪನ ಕೆಮಿಸ್ಟ್ರಿ ಪುಸ್ತಕ ತಿರುವಿ ಹಾಕುವಾಗೆಲ್ಲ ಹೊಟ್ಟೆ ಉರಿಯುತ್ತಿತ್ತು. ಇದು ಕಣ್ಣಿಗೆ ಹೊಳೆಯುವ ವಿಷಯವೇ ಅಲ್ಲ, ಬರೀ ಲೆಕ್ಕ!

ಅರ್ಧಕ್ಕೆ ಬಿಟ್ಟವನು ಹೇಳಬಾರದೇನೋ. ಚುಕ್ಕಿ ಇಡುವ ಮೊದಲು ಒಟ್ಟು ಎಷ್ಟು ಅಂತ ಪಕ್ಕದಲ್ಲಿ ಬರೆದುಕೋ. ನೀನು ಬರೆದು ಕಳಿಸಿದ ನೈಟ್ರೇಟ್ ಚಿತ್ರದಲ್ಲಿ 23 ಚುಕ್ಕಿ ಇವೆ. ಇರಬೇಕಾದದ್ದು ಎಷ್ಟು ನೋಡು. ನೈಟ್ರೋಜನ್ನಿನದು 5, ಮೂರು ಆಕ್ಸಿಜನ್ನಿನದು 18, ಒಂದು ಎಲೆಕ್ಟ್ರಾನ್ ಹೆಚ್ಚಿದೆ ಅನ್ನುವ ಆ ಮೈನಸ್ ಗುರುತಿಗೆ ಇನ್ನೊಂದು. 24 ಆಯಿತಲ್ವಾ? ಬಿಟ್ಟಿದ್ದು ಒಂದೇ ಚುಕ್ಕಿ. ಅಷ್ಟಕ್ಕೆ 'ಸೈನ್ಸ್ ನನಗಲ್ಲ' ಅಂತ ಬರೆಯುವುದಾ?

ಹೊರಗಿನ ಆಕ್ಸಿಜನ್‌ಗಳಿಗೆ ಎಂಟೆಂಟು ತುಂಬಿಸಿದ ಮೇಲೆ ನಡುವಿನ ನೈಟ್ರೋಜನ್‌ಗೆ ಆರೇ ಉಳಿಯುತ್ತೆ, ಅದಕ್ಕೂ ಎಂಟು ಬೇಕು. ಆಗ ಒಂದು ಆಕ್ಸಿಜನ್ನಿನ ಜೋಡಿ ಎಳೆದು ಡಬಲ್ ಬಾಂಡ್ ಮಾಡು. ಯಾವುದರದ್ದು ಅಂತ ಒದ್ದಾಡಬೇಡ, ಮೂರರಲ್ಲಿ ಯಾವುದಾದರೂ ಸರಿಯೇ. ಒಂದು ನೈಟ್ರೋಜನ್, ಒಂದು ಆಕ್ಸಿಜನ್ ಇರುವ ನೈಟ್ರಿಕ್ ಆಕ್ಸೈಡ್ ಕೊಟ್ಟರೆ ಒಟ್ಟು 11 ಬರುತ್ತೆ, ಒಂದು ಒಂಟಿ ಉಳಿಯಲೇಬೇಕು. ನಿನ್ನದೇ ತಪ್ಪು ಅಂದುಕೊಂಡು ಅಳಿಸಿಬಿಟ್ಟೀಯ! ಆಕ್ಸಿಜನ್ನಿನ ಚಿತ್ರದಲ್ಲಿ ಎಲ್ಲಾ ಚುಕ್ಕಿಗಳೂ ಜೋಡಿ, ಆದರೆ ನಿಜವಾದ ದ್ರವ ಆಕ್ಸಿಜನ್ ಅಯಸ್ಕಾಂತಕ್ಕೆ ಅಂಟುತ್ತೆ, ಅದಕ್ಕೆ ಒಂಟಿ ಎಲೆಕ್ಟ್ರಾನ್ ಬೇಕು. ಚಿತ್ರವೇ ಹೀಗೆ ಎಡವುವಾಗ ನಿನ್ನ ತಲೆಯನ್ನು ಯಾಕೆ ಬೈದುಕೊಳ್ತೀಯ?

ಕಾಂಬಿನೇಷನ್ ಬದಲಾಯಿಸುವ ಅರ್ಜಿ ಬರೆದಿದ್ದರೆ ಇನ್ನೂ ಕೊಡಬೇಡ. ಮೊದಲು ನನಗೊಂದು ಫೋನ್ ಮಾಡು.

ನಿನ್ನ ದೊಡ್ಡಪ್ಪ