ನಿನ್ನ ಹುಡುಗಿ ಅಂದ 'ಹೂಂ'

ಪ್ರೀತಿಯ ತಂಗಿ,

ಮೊದಲು ಈ 'ಮೇಡಂ' ಬಿಡು. ಅಕ್ಕ ಅಂದರೆ ಸಾಕು.

ಗಂಡು ಹೆಣ್ಣಿನ ನಡುವಿನ ಬಯಕೆ, ಒಪ್ಪಿಗೆ ಕುರಿತು ನೀನು ಕಳಿಸಿದ 14 ಪುಟದ ಲೇಖನವನ್ನು ಎರಡು ಸಲ ಓದಿದೆ. ಒಮ್ಮೆ ಪೆನ್ಸಿಲ್ ಹಿಡಿದು, ಒಮ್ಮೆ ಸುಮ್ನೆ. 'ಪಿತೃಪ್ರಧಾನ ವ್ಯವಸ್ಥೆ' ಅನ್ನೋದು 26 ಸಲ ಬಂದಿದೆ. ಎಣಿಸಿದೆ, ಬೇಜಾರು ಮಾಡ್ಕೋಬೇಡ. ಆ ಪದದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಹತ್ತನೇ ಸಲಕ್ಕೆ ಓದುವವರ ಕಣ್ಣು ಅದನ್ನು ಹಾರಿಸಿಕೊಂಡು ಹೋಗಿಬಿಡುತ್ತದೆ.

9ನೇ ಪುಟದಲ್ಲಿ ಮಾತ್ರ ನಾನು ನಿಂತೆ. ನಿನಗೆ ಗೊತ್ತಿರುವ ಒಬ್ಬ ಹುಡುಗಿ. ಜೊತೆಗೆ ಮಲಗೋಣವಾ ಅಂತ ಒಬ್ಬ ಹುಡುಗ ಕೇಳಿದ. ಅವಳು 'ಹೂಂ' ಅಂದಳು. ಆಮೇಲೆ ಅಷ್ಟೂ ಹೊತ್ತು, ಗೋಡೆ ಪಕ್ಕ ಚಾರ್ಜಿಗೆ ಹಾಕಿದ್ದ ಫೋನಿನ ಸಣ್ಣ ಹಸಿರು ದೀಪ ನೋಡುತ್ತಾ ಮಲಗಿದ್ದಳು. ನಾಲ್ಕೇ ಸಾಲು. ಮುಂದಿನ ಪ್ಯಾರಾದಲ್ಲಿ ನೀನು ಅವಳನ್ನು ಅಲ್ಲೇ ಬಿಟ್ಟು ಫ್ರೆಂಚ್ ಸ್ತ್ರೀವಾದಿ ಚಿಂತಕಿ ಸಿಮೋನ್ ದ ಬೊವಾರ್ ಹತ್ತಿರ ಓಡಿಹೋಗಿದ್ದೀಯ. ಯಾಕೆ?

ಯಾಕೆ ಅಂತ ನನಗೆ ಗೊತ್ತು. ಆ 'ಹೂಂ' ಅನ್ನು ಎಲ್ಲಿಡಬೇಕು ಅಂತ ನಿನಗೆ ತಿಳಿಯಲಿಲ್ಲ. ಅವನು ಬಲವಂತ ಮಾಡಿಲ್ಲ. ಹೆದರಿಸಿಲ್ಲ. ಕೇಳಿದ್ದಾನೆ, ಅವಳು ಒಪ್ಪಿದ್ದಾಳೆ. ಕಾನೂನಿನ ಲೆಕ್ಕದಲ್ಲಿ ಮಾತು ಅಲ್ಲಿಗೆ ಮುಗಿಯಿತು. ಆದರೆ ಆ ಹಸಿರು ದೀಪ ಮುಗಿಯೋಕೆ ಬಿಡ್ತಿಲ್ಲ, ಅಲ್ವಾ?

ನೀನು ಬರೆಯಬೇಕಾದ್ದು ಅದನ್ನೇ. ಒಪ್ಪಿಗೆ ಇತ್ತೋ ಇಲ್ಲವೋ ಅನ್ನುವುದು ಕೋರ್ಟಿಗೆ ಬೇಕಾದ ಪ್ರಶ್ನೆ. ಅದನ್ನು ಹಗುರವಾಗಿ ನೋಡು ಅಂತಲ್ಲ. ಆ ಪ್ರಶ್ನೆ ಕೇಳಿಸಿಕೊಳ್ಳೋಕೇ ಹೆಂಗಸರು ಬಹಳ ಕಾಲ ಕಾಯಬೇಕಾಯಿತು. ಇಂಗ್ಲೆಂಡಿನ ಮ್ಯಾಥ್ಯೂ ಹೇಲ್ ಎಂಬ ನ್ಯಾಯಾಧೀಶನ ಪುಸ್ತಕವೊಂದು, ಅವನು ಸತ್ತು 60 ವರ್ಷದ ಮೇಲೆ, 1736ರಲ್ಲಿ ಅಚ್ಚಾಯಿತು. ಮದುವೆಯಾದಾಗ ಹೆಂಡತಿ ಕೊಟ್ಟ ಒಪ್ಪಿಗೆಯನ್ನು ಅವಳು ಮುಂದೆ ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ, ಹಾಗಾಗಿ ಗಂಡನ ಮೇಲೆ ಅತ್ಯಾಚಾರದ ಅಪರಾಧ ನಿಲ್ಲುವುದಿಲ್ಲ ಅಂತ ಅವನ ವಾದ. ಅಲ್ಲಿನ ಅತ್ಯುನ್ನತ ಪೀಠ ಅದನ್ನು ಕಿತ್ತುಹಾಕಿದ್ದು 1991ರಲ್ಲಿ. ಲೆಕ್ಕ ಹಾಕಿ ನೋಡು. ಒಂದು 'ಹೂಂ' ಅನ್ನು 250 ವರ್ಷಕ್ಕಿಂತ ಜಾಸ್ತಿ ಎಳೆದರು.

ಆದರೆ ತತ್ವಶಾಸ್ತ್ರದ ಕೆಲಸ ಕೋರ್ಟು ಎದ್ದ ಮೇಲೂ ಇರುತ್ತದೆ. ನಮ್ಮ ಭಾಷೆಗೇ ಸ್ವಲ್ಪ ಕಿವಿಗೊಡು. ಒಪ್ಪಿಗೆಯನ್ನು 'ಕೊಡುತ್ತೇವೆ'. ಅಂದರೆ ಕೇಳುವವನು ಒಬ್ಬ, ಕೊಡುವವಳು ಒಬ್ಬಳು. ಬಯಕೆ ಅವನದು, ಉತ್ತರ ಅವಳದು. ರಾಜಕೀಯ ಚಿಂತಕಿ ಕ್ಯಾರೊಲ್ ಪೇಟ್‌ಮನ್ 1980ರಲ್ಲೇ ಇಲ್ಲಿ ತಕರಾರು ಎತ್ತಿದರು. ಗಂಡು ಹೆಣ್ಣಿನ ನಡುವೆ ಒಪ್ಪುವ ಪಾಲು ಯಾವಾಗಲೂ ಹೆಣ್ಣಿಗೇ ಯಾಕೆ ಬರುತ್ತದೆ ಅಂತ.

ಈಗ 'ಬೇಕು' ಅನ್ನೋ ಪದ ನೋಡು. ಅದನ್ನು ಯಾರೂ ಯಾರಿಗೂ ಕೊಡೋಕಾಗಲ್ಲ. ನನಗೆ ಬೇಕು, ಅಷ್ಟೇ. ಬೇಕು, ಬೇಡ, ಇವೆರಡರ ನಡುವೆ ನಮ್ಮಲ್ಲಿ ಎಷ್ಟೊಂದು ಮಾತಿದೆ! ಹೂಂ. ಆಯ್ತು. ಆಗಲಿ. ಪರವಾಗಿಲ್ಲ. ನಿಮ್ಮಿಷ್ಟ. ಎಷ್ಟೋ ಹೆಂಗಸರ ಹಾಸಿಗೆಯ ಬದುಕು ಈ ನಡುವಿನ ಮಾತುಗಳಲ್ಲೇ ಕಳೆದುಹೋಗಿದೆ ಅಂತ ನನಗನಿಸುತ್ತದೆ. ಅಲ್ಲಿ ಹೋಗಿ ಕೂರು. 'ನಿಮ್ಮಿಷ್ಟ' ಅನ್ನುವ ಒಂದೇ ಮಾತಿನ ಮೇಲೆ ನಾಲ್ಕು ಪುಟ ಬರೆ. ಪಿತೃಪ್ರಧಾನ ವ್ಯವಸ್ಥೆ ತಾನಾಗೇ ಬಂದು ಪಕ್ಕದಲ್ಲಿ ಕೂರುತ್ತದೆ, ನೀನು ಕರೆಯೋದೇ ಬೇಡ.

'ಬೇಡ'ದ ಕಥೆ ಬೇರೆ. ಮಾತು ಬರೀ ಸದ್ದಲ್ಲ, ಅದೂ ಒಂದು ಕೆಲಸ ಎಂದ ತತ್ವಜ್ಞಾನಿ ಜೆ. ಎಲ್. ಆಸ್ಟಿನ್ ವಿಚಾರವನ್ನು ಹಿಡಿದು ರೇ ಲ್ಯಾಂಗ್ಟನ್ ಎಂಬ ಚಿಂತಕಿ 1993ರಲ್ಲಿ ಒಂದು ಪ್ರಬಂಧ ಬರೆದರು. ಅವಳು 'ಬೇಡ' ಅಂದಾಗ ಅವನನ್ನು ತಡೆಯುತ್ತಿದ್ದಾಳೆ. ಆದರೆ ಅವನು 'ಬೇಡ ಅಂದ್ರೆ ನಾಚಿಕೆ ಅಷ್ಟೇ' ಅಂತ ಕಲಿತು ಬಂದವನಾದರೆ? ಪದ ಕಿವಿಗೆ ಬೀಳುತ್ತದೆ, ತಡೆ ಅಂತ ಮಾತ್ರ ಅವನಿಗೆ ಅನಿಸುವುದೇ ಇಲ್ಲ. ಅವಳ ಬಾಯಿಗೆ ಯಾರೂ ಕೈ ಅಡ್ಡ ಹಿಡಿದಿಲ್ಲ. ಆದರೂ ಅವಳ ಮಾತು ಸತ್ತಿದೆ. ಅಶ್ಲೀಲ ಚಿತ್ರಗಳು ಹೆಣ್ಣಿನ ಮಾತನ್ನು ಹೀಗೆ ಕೊಲ್ಲಬಲ್ಲವು ಅನ್ನುವುದು ಲ್ಯಾಂಗ್ಟನ್ ವಾದ. ಆ ಚಿತ್ರಗಳ ಕುರಿತ ಜಗಳಕ್ಕೆ ನೀನು ಮೂರು ಪುಟ ಕೊಟ್ಟಿದ್ದೀಯ. 1980ರ ದಶಕದ ಅಮೆರಿಕದಲ್ಲಿ ಸ್ತ್ರೀವಾದಿಗಳು ಈ ವಿಷಯಕ್ಕೆ ಎರಡು ಬಣವಾದರು. ಆ ಚಿತ್ರಗಳಿಗೆ ಕಾನೂನಿನ ತಡೆ ಬೇಕು ಅಂದ ಆಂಡ್ರಿಯಾ ಡ್ವರ್ಕಿನ್, ಕ್ಯಾಥರಿನ್ ಮೆಕಿನ್ನನ್ ಒಂದು ಕಡೆ, ಅಂಥ ತಡೆ ಬೇಡ ಅಂದ ಗೇಲ್ ರೂಬಿನ್ ಥರದವರು ಇನ್ನೊಂದು ಕಡೆ. ಇದಕ್ಕೆ ಅರ್ಧ ಪುಟ ಸಾಕು.

ನನ್ನದೇ ಒಂದು ತಪ್ಪು ಹೇಳ್ತೀನಿ. ಬರೆಯೋಕೆ ಶುರು ಮಾಡಿದ ಹೊಸತರಲ್ಲಿ ಒಂದು ಕತೆಯಲ್ಲಿ 'ಅವಳು ಮೌನವಾಗಿ ಒಪ್ಪಿದಳು' ಅಂತ ಬರೆದಿದ್ದೆ. ಎಷ್ಟು ನವಿರಾಗಿದೆ ಅಂತ ನಾನೇ ಬೀಗಿದ್ದೆ. ಓದಿದವರೊಬ್ಬರು ಕಾರ್ಡು ಬರೆದರು. ಅದರಲ್ಲಿದ್ದದ್ದು ಒಂದೇ ಸಾಲು: 'ಮೌನವಾಗಿದ್ದಳು ಸರಿ, ಒಪ್ಪಿದಳು ಅಂತ ನಿಮಗೆ ಯಾರು ಹೇಳಿದರು?' ಹೆಣ್ಣಾಗಿ ನಾನೇ ಹಾಗೆ ಬರೆದಿದ್ದೆ ನೋಡು. 'ಮೌನಂ ಸಮ್ಮತಿ ಲಕ್ಷಣಂ' ಅನ್ನೋದು ನನಗೆ ಗೊತ್ತಿಲ್ಲದೆ ನನ್ನ ಪೆನ್ನಿನೊಳಗೆ ಸೇರಿಕೊಂಡಿತ್ತು. ಆ ಕಾರ್ಡು ಈಗಲೂ ನನ್ನ ನಿಘಂಟಿನೊಳಗಿದೆ.

ಆಮೇಲಿಂದ ವಾಕ್ಯಗಳನ್ನು ಅನುಮಾನದಿಂದಲೇ ನೋಡುತ್ತೇನೆ. ನಿನ್ನ 5ನೇ ಪುಟದಲ್ಲಿ 'ಅವಳು ಅತ್ಯಾಚಾರಕ್ಕೆ ಒಳಗಾದಳು' ಅಂತಿದೆ. ವಾಕ್ಯದಲ್ಲಿ ಇರೋದು ಅವಳೊಬ್ಬಳೇ. ಮಾಡಿದವನು ಎಲ್ಲಿ? 'ಅತ್ಯಾಚಾರ ನಡೆಯಿತು' ಅಂದರೆ ಇನ್ನೂ ಸಲೀಸು, ಮಳೆ ಬಂತು ಅಂದ ಹಾಗೆ. 'ಮಾನಭಂಗ' ಅಂದರಂತೂ ಮುರಿದದ್ದು ಅವಳ ಮಾನ, ಮುರಿದವನ ಮಾನಕ್ಕೆ ಏನೂ ಆಗಿಲ್ಲ. ಒಮ್ಮೆ 'ಅವನು ಅತ್ಯಾಚಾರ ಮಾಡಿದ' ಅಂತ ಬರೆದು ನೋಡು. ಕೈ ಸ್ವಲ್ಪ ತಡೆಯುತ್ತದೆ. ಯಾಕೆ ತಡೆಯಿತು ಅಂತಲೂ ಬರೆ. ಅಮೆರಿಕದ ಸ್ತ್ರೀವಾದಿ ಲೇಖಕಿ ಕೇಟ್ ಮಿಲೆಟ್ 1970ರಲ್ಲಿ ಮಾಡಿದ್ದು ಇಂಥದೇ ಕೆಲಸ. ಹೆಸರಾಂತ ಗಂಡು ಕಾದಂಬರಿಕಾರರ ಹಾಸಿಗೆ ದೃಶ್ಯಗಳನ್ನು ಎದುರಿಗಿಟ್ಟುಕೊಂಡು, ಇಲ್ಲಿ ಆಳುವವರು ಯಾರು, ಆಳಿಸಿಕೊಳ್ಳುವವರು ಯಾರು ಅಂತ ಸಾಲುಸಾಲಾಗಿ ಓದಿದರು. ಸಿದ್ಧಾಂತ ಬಂದದ್ದು ಆ ಓದಿನ ನಂತರ.

ಕೆಲವು ಸಲ ಪದವೇ ಇರುವುದಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕಿದ್ದ ಕಾರ್ಮಿಟಾ ವುಡ್ ಎಂಬಾಕೆ, ಪ್ರಾಧ್ಯಾಪಕನೊಬ್ಬನ ಕೈಗೆ ಸಿಗದಿರಲು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ ಹೋಗುತ್ತಿದ್ದರು. ಕೊನೆಗೆ ಕೆಲಸವನ್ನೇ ಬಿಟ್ಟರು. ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿದಾಗ, ಯಾಕೆ ಬಿಟ್ಟಿರಿ ಅಂತ ಕೇಳಿದರು. ಏನಂತ ಹೇಳಬೇಕು? ಒತ್ತಾಯಿಸಿ ಕೇಳಿದ ಮೇಲೆ 'ವೈಯಕ್ತಿಕ ಕಾರಣ' ಅಂದರು. ಅರ್ಜಿ ತಿರಸ್ಕಾರವಾಯಿತು. 1975ರಲ್ಲಿ ಕೆಲವು ಹೆಂಗಸರು ಒಟ್ಟಿಗೆ ಕೂತು, ಪೋಸ್ಟರಿನಲ್ಲಿ ಇದನ್ನು ಏನಂತ ಕರೆಯೋಣ ಅಂತ ಒಂದೊಂದೇ ಪದ ಇಟ್ಟು ನೋಡಿದರು. ನಾವು ಇವತ್ತು 'ಲೈಂಗಿಕ ಕಿರುಕುಳ' ಅನ್ನುತ್ತೇವಲ್ಲ, ಅದರ ಇಂಗ್ಲಿಷ್ ಪದ ಅಲ್ಲಿ ಗಟ್ಟಿಯಾಯಿತು. ತತ್ವಶಾಸ್ತ್ರದ ಮಿರಾಂಡಾ ಫ್ರಿಕರ್ ಎಂಬ ಚಿಂತಕಿ 2007ರಲ್ಲಿ ಈ ಘಟನೆಯನ್ನೇ ಎತ್ತಿಕೊಂಡು, ತನಗೆ ಆದದ್ದನ್ನು ಹೇಳಲು ಪದವಿಲ್ಲದಿರುವುದೂ ಒಂದು ಅನ್ಯಾಯ ಅಂತ ವಾದ ಕಟ್ಟಿದರು. ನೀನು ಫ್ರಿಕರ್ ಹೆಸರು ಹಾಕಿದ್ದೀಯ, ಮೆಟ್ಟಿಲು ಬಿಟ್ಟಿದ್ದೀಯ. ಪದ ಹುಟ್ಟೋಕೆ ಮೊದಲೇ ಆಕೆಯ ಕಾಲಿಗೆ ವಿಷಯ ಗೊತ್ತಿತ್ತು ಕಣೇ. ನಿನ್ನ ಹುಡುಗಿಯ ಕಣ್ಣು ಆ ದೀಪದ ಮೇಲೆ ನಿಂತದ್ದೂ ಹಾಗೇ ಇರಬಹುದು.

ಇನ್ನೊಂದು. 13ನೇ ಪುಟದಲ್ಲಿ, ಯಾರಿಗೆ ಯಾರ ಮೇಲೆ ಆಸೆ ಹುಟ್ಟುತ್ತದೆ ಅನ್ನೋದು ಖಾಸಗಿ, ಅದರಲ್ಲಿ ರಾಜಕೀಯ ಇಲ್ಲ ಅಂತ ತೀರ್ಪು ಕೊಟ್ಟಿದ್ದೀಯ. ನಿಧಾನ. ಅಮಿಯಾ ಶ್ರೀನಿವಾಸನ್ ಎಂಬ ಚಿಂತಕಿ 2018ರ ತಮ್ಮ ಪ್ರಬಂಧದಲ್ಲಿ ಎರಡು ಮಾತನ್ನೂ ಒಟ್ಟಿಗೆ ಹಿಡಿದಿದ್ದಾರೆ. ಯಾರಿಗೂ ಇನ್ನೊಬ್ಬರ ಮೈ ಮೇಲೆ ಹಕ್ಕಿಲ್ಲ. ಅದೇ ಹೊತ್ತಿಗೆ, ಯಾರು ಚೆಂದ, ಯಾರು ಅಲ್ಲ ಅನ್ನುವ ನಮ್ಮ ರುಚಿಯೂ ನಮ್ಮೊಬ್ಬರದೇ ಅಲ್ಲ. ಮೈಬಣ್ಣ, ಅಂಗವೈಕಲ್ಯ ಎಲ್ಲದರ ಮೇಲೂ ಸಮಾಜ ಬೆಲೆಚೀಟಿ ಅಂಟಿಸಿಟ್ಟಿದೆ. ಒಂದನ್ನು ಬಿಟ್ಟು ಇನ್ನೊಂದನ್ನೇ ಬರೆದರೆ ಲೇಖನ ಸರಾಗವಾಗಿ ಓಡುತ್ತದೆ. ಓಡದಿದ್ದರೂ ಪರವಾಗಿಲ್ಲ, ಎರಡನ್ನೂ ಇಟ್ಟುಕೊ.

ಆ ಹುಡುಗನನ್ನು ರಾಕ್ಷಸ ಮಾಡೋಕೆ ಹೋಗಬೇಡ. ಅವನು ಕೇಳಿದ್ದಾನಲ್ಲ. ಕೇಳುವಾಗ ಅವಳ ಮುಖ ನೋಡಿದ್ದನಾ, ದೀಪ ಆರಿಸಿ ಆಗಿತ್ತಾ? ಅದನ್ನು ನೀನು ಬರೆದಿಲ್ಲ.

'ಹೆಣ್ಣಾಗಿ ಹುಟ್ಟುವುದಿಲ್ಲ, ಹೆಣ್ಣಾಗುತ್ತಾಳೆ' ಅನ್ನುವ, ಬೊವಾರ್ ಅವರ ಆ 1949ರ ಸಾಲು ತೆಗೆದುಬಿಡು. ದೊಡ್ಡ ಸಾಲೇ, ಆದರೆ ಎಲ್ಲರ ಲೇಖನದ ಬಾಗಿಲಲ್ಲೂ ಅದೇ ನೇತಾಡುತ್ತಿರುತ್ತದೆ. 9ನೇ ಪುಟವನ್ನು 1ನೇ ಪುಟ ಮಾಡಿ ಮತ್ತೆ ಕಳಿಸು.

ಕಳಿಸುವ ಮುಂಚೆ ಆ ಹುಡುಗಿಯನ್ನು ಹೋಗಿ ನೋಡು. ನಿನ್ನ ಕಥೆ ಬರೆಯಲಾ ಅಂತ ಅವಳನ್ನು ಕೇಳಿದ್ದೆಯಲ್ಲ? ಅದಕ್ಕೂ ಅವಳು 'ಹೂಂ' ಅಂದಿದ್ದರೆ, ಇನ್ನೊಂದು ಸಲ ಕೇಳು.

ನಿನ್ನ,
ಅಕ್ಕ