ಆಸ್ಪತ್ರೆ ಬಂತು, ನಡೆಯುವುದಕ್ಕೆ ಜಾಗವೂ ಹೊತ್ತೂ ಬೇಕು

ಮಾನ್ಯ ಸಂಪಾದಕರೇ,

2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡ ಉದ್ಘಾಟನೆಯಾದಾಗ ಈ ಭಾಗದ ಜನರಿಗೆ ದೊಡ್ಡ ಧೈರ್ಯ ಬಂದದ್ದು ಸಹಜ. ಎದೆನೋವು ಬಂದವರನ್ನು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಕರೆದೊಯ್ಯುವಾಗ ದಾರಿಯಲ್ಲೇ ಕಳೆದುಕೊಂಡ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಮಾಡಿಸಿ, ರಕ್ತನಾಳದಲ್ಲಿ ಗಟ್ಟಿಯಾದ ಹೆಪ್ಪನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಬಂದಿದೆ. ಆಘಾತವಾದ ನಂತರದ ವ್ಯವಸ್ಥೆ ಹೀಗೆ ಸುಧಾರಿಸುತ್ತಿದ್ದರೂ, ಆಘಾತವಾಗದಂತೆ ನೋಡಿಕೊಳ್ಳುವ ಮಾತು ಬಂದಾಗ ನಾವು ಇನ್ನೂ ‘ದಿನಾ ಬೆಳಿಗ್ಗೆ ವಾಕಿಂಗ್ ಮಾಡಿ’ ಎಂಬ ಉಪದೇಶದಲ್ಲೇ ನಿಂತಿದ್ದೇವೆ. ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದು ನಿವೃತ್ತನಾದ ನಾನು, ಈ ಉಪದೇಶ ಕಲಬುರಗಿಯ ಬಿಸಿಲಿಗೂ ಇಲ್ಲಿನವರ ದಿನಚರಿಗೂ ಹೊಂದುವುದಿಲ್ಲ, ಇದಕ್ಕೆ ಬೇರೆ ಏರ್ಪಾಡು ಬೇಕು ಎಂದು ಹೇಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಹೃದಯಕ್ಕೆ ಬೇಕಾದ ಚಟುವಟಿಕೆ ಜನ ಅಂದುಕೊಂಡಷ್ಟು ಕಠಿಣವಾದದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಅಥವಾ 75ರಿಂದ 150 ನಿಮಿಷಗಳ ತೀವ್ರ ಶ್ರಮ ಬೇಕು. ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವಿರಬೇಕು. ಮಧ್ಯಮ ಶ್ರಮವೆಂದರೆ ಜೊತೆಯವರೊಡನೆ ಮಾತನಾಡಬಹುದು, ಆದರೆ ಹಾಡು ಹೇಳಲಾಗದು ಎನ್ನುವಷ್ಟು ಬಿರುಸಾದ ನಡಿಗೆ. ಒಂದೇ ಸಲ ಅರ್ಧ ತಾಸು ನಡೆಯಬೇಕೆಂದೇನೂ ಇಲ್ಲ, ಹತ್ತು ಹತ್ತು ನಿಮಿಷ ಮೂರು ಸಲ ನಡೆದರೂ ಲೆಕ್ಕಕ್ಕೆ ಬರುತ್ತದೆ. ಇಷ್ಟನ್ನೂ ಮಾಡದವರು ನಮ್ಮ ದೇಶದ ವಯಸ್ಕರಲ್ಲಿ ಸುಮಾರು ಅರ್ಧದಷ್ಟಿದ್ದಾರೆ ಎಂದು ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆ 2024ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಮಹಿಳೆಯರಲ್ಲಿ ಈ ಪ್ರಮಾಣ ಶೇ 57, ಪುರುಷರಲ್ಲಿ ಶೇ 42. ಈ ಅಂತರದ ಕಾರಣವನ್ನು ಮುಂದೆ ಹೇಳುತ್ತೇನೆ.

ಕುಳಿತು ಮಾಡುವ ಕೆಲಸ ಹೃದಯಕ್ಕೆ ಹೇಗೆ ಎರವಾಗುತ್ತದೆ ಎಂಬುದು ಮೊದಲು ಗಮನಕ್ಕೆ ಬಂದದ್ದು ಬಸ್ಸುಗಳಲ್ಲಿ. 1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಅಧ್ಯಯನ ಮಾಡಿದಾಗ, ದಿನವಿಡೀ ಕುಳಿತೇ ಇರುವ ಡ್ರೈವರುಗಳಿಗಿಂತ ಮೆಟ್ಟಿಲು ಹತ್ತಿಳಿಯುತ್ತ ಟಿಕೆಟ್ ಕೊಡುವ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆಯಿದ್ದದ್ದು ಕಂಡುಬಂತು. ಡ್ರೈವರುಗಳ ಸೊಂಟದ ಅಳತೆ ಕೆಲಸಕ್ಕೆ ಸೇರುವಾಗಲೇ ಹೆಚ್ಚಿತ್ತು ಎಂಬುದನ್ನು ಅದೇ ತಂಡ ಮುಂದೆ ಅವರ ಸಮವಸ್ತ್ರದ ಲೆಕ್ಕದಿಂದ ಪತ್ತೆ ಮಾಡಿ, ತನ್ನ ಮಾತಿಗೇ ಮಿತಿ ಹಾಕಿಕೊಂಡಿತು. ಆದರೂ ಆಮೇಲೆ ಹಲವು ದೇಶಗಳಲ್ಲಿ ನಡೆದ ಬಹುತೇಕ ಅಧ್ಯಯನಗಳು ಅದೇ ದಿಕ್ಕನ್ನು ತೋರಿಸಿವೆ. ನಿಯಮಿತವಾಗಿ ನಡೆಯುವವರ ರಕ್ತನಾಳಗಳ ಒಳಪದರ ಸಡಿಲಗೊಳ್ಳುವ ಗುಣವನ್ನು ಉಳಿಸಿಕೊಳ್ಳುತ್ತದೆ, ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಚೆನ್ನಾಗಿ ಬಳಸಿಕೊಳ್ಳುತ್ತವೆ, ಬಿ.ಪಿ. ಇರುವವರಲ್ಲಿ ಮೇಲಿನ ಅಂಕಿ ಸಾಮಾನ್ಯವಾಗಿ ಐದರಿಂದ ಎಂಟರಷ್ಟು ಇಳಿಯುತ್ತದೆ. ಇದು ಮಾತ್ರೆಗೆ ಬದಲಿಯಲ್ಲ. ವೈದ್ಯರು ಕೊಟ್ಟ ಮಾತ್ರೆಯನ್ನು ವಾಕಿಂಗ್ ನೆಚ್ಚಿಕೊಂಡು ತಾವೇ ನಿಲ್ಲಿಸುವವರೂ ನಮ್ಮಲ್ಲಿದ್ದಾರೆ, ಅವರು ದಯವಿಟ್ಟು ಹಾಗೆ ಮಾಡಬಾರದು.

ಹೊಲದಲ್ಲಿ ತೊಗರಿ ಕೊಯ್ಯುವವರಿಗೆ ವ್ಯಾಯಾಮದ ಪಾಠ ಹೇಳುವ ಅಗತ್ಯ ಹೆಚ್ಚಿಲ್ಲ. ಅಗತ್ಯವಿರುವುದು ಅವರ ಮಕ್ಕಳಿಗೆ. ಅವರೀಗ ಸೂಪರ್ ಮಾರ್ಕೆಟ್ಟಿನ ಅಂಗಡಿಯ ಗಲ್ಲಾದ ಮುಂದೆ, ಕಚೇರಿಯ ಕಂಪ್ಯೂಟರಿನ ಮುಂದೆ, ಆಟೊದ ಸೀಟಿನಲ್ಲಿ ದಿನ ಕಳೆಯುತ್ತಾರೆ, ಎರಡು ಓಣಿಯಾಚೆಯ ಕಿರಾಣಿ ಅಂಗಡಿಗೂ ಬೈಕ್ ತೆಗೆಯುತ್ತಾರೆ. ವರ್ಷಕ್ಕೊಮ್ಮೆ ಭಕ್ತಿಯಿಂದ ಶ್ರೀಶೈಲಕ್ಕೋ ಗಾಣಗಾಪುರಕ್ಕೋ ಪಾದಯಾತ್ರೆ ಹೋಗುವ ಛಲ ಈ ನೆಲದವರಿಗೆ ಇದ್ದೇ ಇದೆ. ಉಳಿದ ದಿನಗಳಲ್ಲಿ ಮಾತ್ರ ನಡಿಗೆಯಿಲ್ಲ.

ಇವರಿಗೆ ನಡೆಯಲು ಯಾವ ಹೊತ್ತು ಅನುಕೂಲ ಎಂದು ನಾವು ಕೇಳಿಕೊಂಡಿಲ್ಲ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವ ಕಾರಣ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುವುದು ರೂಢಿ. ಒಳ್ಳೆಯ ಕ್ರಮವೇ. ಆದರೆ ಇದರಿಂದ ನೌಕರರ ಬೆಳಗಿನ ನಡಿಗೆಯ ಹೊತ್ತು ಹೋಗುತ್ತದೆ, ಬದಲಾಗಿ ಸಿಗುವ ಮಧ್ಯಾಹ್ನದಲ್ಲಿ ಮನೆಯ ಹೊರಗೆ ಕಾಲಿಡುವಂತಿಲ್ಲ. ಸಂಜೆ ಆರಕ್ಕೂ ಡಾಂಬರು ಮತ್ತು ಕಾಂಕ್ರೀಟಿನಿಂದ ಕಾವು ಏಳುತ್ತಿರುತ್ತದೆ. ಕಾವಿನಲ್ಲಿ ಶ್ರಮಪಟ್ಟರೆ ದೇಹವನ್ನು ತಂಪಾಗಿಡಲು ರಕ್ತ ಚರ್ಮದ ಕಡೆಗೆ ಹರಿಯುತ್ತದೆ, ಬೆವರಿನಲ್ಲಿ ನೀರು ಹೋಗುತ್ತದೆ, ಹೃದಯ ಇನ್ನಷ್ಟು ಬಡಿದುಕೊಳ್ಳಬೇಕಾಗುತ್ತದೆ; ಮೊದಲೇ ಕಾಯಿಲೆಯಿರುವವರಿಗೆ ಇದು ಅಪಾಯ. ಹಾಗಾಗಿ ಬೇಸಿಗೆಯಲ್ಲಿ ಕಲಬುರಗಿಯವರು ನೆಮ್ಮದಿಯಾಗಿ ನಡೆಯಬಹುದಾದ ಹೊತ್ತೆಂದರೆ ರಾತ್ರಿ ಎಂಟರಿಂದ ಹತ್ತು. ಅದೇ ಹೊತ್ತಿಗೆ ಅನೇಕ ಶಾಲಾ ಕಾಲೇಜುಗಳ ಮೈದಾನಗಳಿಗೆ ಬೀಗ ಬಿದ್ದಿರುತ್ತದೆ, ಉದ್ಯಾನಗಳಲ್ಲಿ ಕತ್ತಲೆ ಕವಿದಿರುತ್ತದೆ.

ರಾತ್ರಿ ಹೊತ್ತು ಈ ಊರು ಮಲಗಿಬಿಡುತ್ತದೆ ಎಂದು ಯಾರೂ ಹೇಳಲಾರರು. ರಂಜಾನ್ ತಿಂಗಳಲ್ಲಿ ಮುಸ್ಲಿಂ ಚೌಕಿನ ಸುತ್ತಮುತ್ತ, ಶರಣಬಸವೇಶ್ವರರ ಜಾತ್ರೆಯಲ್ಲಿ ಗುಡಿಯ ಅಂಗಳದಲ್ಲಿ ಹೆಂಗಸರು ಮಕ್ಕಳೆನ್ನದೆ ಎಲ್ಲರೂ ರಾತ್ರಿ ಓಡಾಡುತ್ತಾರೆ. ಬೆಳಕು ಮತ್ತು ಜನಸಂದಣಿ ಇದ್ದರೆ ಇಲ್ಲಿನ ಕುಟುಂಬಗಳು ಹೊರಬರಲು ಹಿಂಜರಿಯುವುದಿಲ್ಲ.

ಮಹಿಳೆಯರ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಲ್ಲಿ ನೀರು ಹಿಡಿಯುವುದು, ರೊಟ್ಟಿ ಬಡಿಯುವುದು, ಡಬ್ಬಿ ಕಟ್ಟುವುದು, ಮಕ್ಕಳನ್ನು ಸಿದ್ಧಪಡಿಸುವುದು ಎಲ್ಲವೂ ಇರುವುದು ಬೆಳಗಿನ ಹೊತ್ತಿನಲ್ಲೇ. ಅಪ್ಪನ ಕೆರೆಯ ದಂಡೆಯಲ್ಲೋ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲೋ ಬೆಳಿಗ್ಗೆ ನಡೆಯುವವರಲ್ಲಿ ಗಂಡಸರೇ ಹೆಚ್ಚು ಕಾಣುವುದಕ್ಕೆ ಬೇರೆ ಸಂಶೋಧನೆ ಬೇಕಿಲ್ಲ. ‘ಮನೆಗೆಲಸವೇ ಅವರಿಗೆ ವ್ಯಾಯಾಮ’ ಎಂದು ಮನೆಯ ಯಜಮಾನರು ಹೇಳುವುದುಂಟು. ಕಸ ಗುಡಿಸಿ ನೆಲ ಒರೆಸುವ ಶ್ರಮ ಲೆಕ್ಕಕ್ಕೆ ಬರುತ್ತದೆ ನಿಜ, ಆದರೆ ಒಲೆಯ ಮುಂದೆ ತಾಸುಗಟ್ಟಲೆ ನಿಲ್ಲುವುದರಿಂದ ಕಾಲು ನೋಯುತ್ತದೆಯೇ ಹೊರತು ಉಸಿರು ಏರುವುದಿಲ್ಲ, ಹೃದಯಕ್ಕೆ ಬೇಕಾದ ಕೆಲಸವೂ ಸಿಗುವುದಿಲ್ಲ. ಇನ್ನು ರಸ್ತೆಯ ಬದಿಗೆ ನಡೆಯೋಣವೆಂದರೆ ಫುಟ್‌ಪಾತಿನ ಮೇಲೆ ಬೈಕುಗಳು ಮತ್ತು ಅಂಗಡಿಯ ಸಾಮಾನು, ಬೀದಿನಾಯಿಗಳ ಗುಂಪು, ಚುಡಾಯಿಸುವ ಹುಡುಗರು. ಮುಟ್ಟು ನಿಂತ ಮೇಲೆ ಮಹಿಳೆಯರಲ್ಲಿ ಹೃದ್ರೋಗದ ಅಪಾಯ ಹೆಚ್ಚುತ್ತದೆ ಎಂಬುದು ತಿಳಿದ ಸಂಗತಿಯಾಗಿರುವಾಗ, ಅದೇ ವಯಸ್ಸಿನವರಿಗೆ ನಡೆಯಲು ಒಂದು ನಿರ್ಭಯವಾದ ಜಾಗವಿಲ್ಲದಿರುವುದು ಊರಿಗೆ ಶೋಭೆ ತರುವಂಥದ್ದಲ್ಲ.

2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ವ್ಯಾಯಾಮವೇ ಅಪಾಯವೇನೋ ಎಂಬ ಭಯ ಅನೇಕರಲ್ಲಿ ಹುಟ್ಟಿತು; 2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಬಂದಾಗ ಅದು ಮರುಕಳಿಸಿತು. ಅಭ್ಯಾಸವಿಲ್ಲದವರು ಏಕಾಏಕಿ ಅತಿಯಾಗಿ ಶ್ರಮಪಟ್ಟರೆ ಆ ಹೊತ್ತಿನಲ್ಲಿ ಅಪಾಯ ಏರುವುದು ನಿಜ. ಆದರೆ ನಿಯಮಿತವಾಗಿ ಶ್ರಮಪಡುವವರಲ್ಲಿ ಆ ಏರಿಕೆ ತೀರಾ ಕಡಿಮೆ, ಒಟ್ಟು ಅಪಾಯವೂ ಕುಳಿತೇ ಇರುವವರಿಗಿಂತ ಕಡಿಮೆ. ಬಿ.ಪಿ., ಸಕ್ಕರೆ ಕಾಯಿಲೆ ಇರುವವರು, ಬೀಡಿ ಸಿಗರೇಟಿನ ಚಟವಿರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದವರಿದ್ದವರು ಬಿರುಸಿನ ವ್ಯಾಯಾಮಕ್ಕೆ ಇಳಿಯುವ ಮುನ್ನ ವೈದ್ಯರನ್ನು ಕಂಡು, ಮೆಲ್ಲಗೆ ನಡೆಯುವುದರಿಂದ ಶುರು ಮಾಡಲಿ. ನಡೆಯುವಾಗ ಅಥವಾ ಮೆಟ್ಟಿಲು ಹತ್ತುವಾಗ ಎದೆ ಬಿಗಿದು, ನಿಂತರೆ ಸರಿಹೋಗುತ್ತಿದ್ದರೆ ಅದನ್ನು ‘ಗ್ಯಾಸ್’ ಎಂದುಕೊಂಡು ಸೋಡಾ ಕುಡಿಯದೆ ಆಸ್ಪತ್ರೆಗೆ ಹೋಗಬೇಕು. ನಿಂತ ಮೇಲೂ ನೋವು ಹೋಗದಿದ್ದರೆ ಒಂದು ಕ್ಷಣವೂ ತಡಮಾಡಬಾರದು.

ಶಾಲೆಗಳ ಬಗ್ಗೆ ನನ್ನ ವೃತ್ತಿಯ ಕಾರಣದಿಂದ ಒಂದು ಮಾತು. 2025ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ರಾಜ್ಯದಲ್ಲೇ ಕೊನೆಯ ಸ್ಥಾನಕ್ಕೆ ಇಳಿಯಿತು. ಫಲಿತಾಂಶ ಕುಸಿದಾಗಲೆಲ್ಲ ಮೊದಲು ಬಲಿಯಾಗುವುದು ಪಿ.ಟಿ. ಪೀರಿಯಡ್, ಅದು ಗಣಿತಕ್ಕೋ ಇಂಗ್ಲಿಷಿಗೋ ಹೋಗುತ್ತದೆ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಆಟ ಓಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಅದೇ ಮಾರ್ಗಸೂಚಿ ಹೇಳುತ್ತದೆ, ನಮ್ಮ ವೇಳಾಪಟ್ಟಿಯಲ್ಲಿ ವಾರಕ್ಕೂ ಅಷ್ಟು ಸಿಗುವುದು ಕಷ್ಟವಾಗಿದೆ. ಮೈದಾನ ಕಂಡವರು ಪಾಠದಲ್ಲಿ ಹಿಂದೆ ಬಿದ್ದರೆಂಬುದು ನನ್ನ ಅನುಭವವಲ್ಲ.

ಆದ್ದರಿಂದ ಜಿಲ್ಲಾಡಳಿತ, ಮಹಾನಗರ ಪಾಲಿಕೆ ಮತ್ತು ಶಿಕ್ಷಣ ಇಲಾಖೆಗಳಲ್ಲಿ ನನ್ನ ಕೋರಿಕೆ ಇಷ್ಟೇ. ನಗರದ ಸರ್ಕಾರಿ ಶಾಲಾ ಕಾಲೇಜುಗಳ ಮೈದಾನಗಳನ್ನು, ಮೊದಲು ನಾಲ್ಕು ದಿಕ್ಕಿಗೆ ಒಂದೊಂದರಂತೆ ಆಯ್ದು, ಮಾರ್ಚ್‌ನಿಂದ ಜೂನ್‌ವರೆಗೆ ರಾತ್ರಿ ಹತ್ತರ ತನಕ ಸಾರ್ವಜನಿಕರಿಗೆ ತೆರೆದಿಡಬೇಕು. ಸುತ್ತಲೂ ದೀಪ, ಮಣ್ಣಿನ ಸಮತಟ್ಟಾದ ಪಥ, ಕುಡಿಯುವ ನೀರು, ಶೌಚಾಲಯ, ಒಬ್ಬ ಕಾವಲುಗಾರ ಇರಬೇಕು. ಮಹಿಳಾ ಪೊಲೀಸರು ಗಸ್ತಿನಲ್ಲಿ ಒಮ್ಮೆ ಬಂದುಹೋಗಬೇಕು. ಸಂವಿಧಾನದ 371(ಜೆ) ವಿಧಿಯಡಿ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ವರ್ಷಕ್ಕೆ ಸಾವಿರಾರು ಕೋಟಿ ರೂಪಾಯಿಯ ಕಾಮಗಾರಿಗಳನ್ನು ಕೈಗೊಳ್ಳುತ್ತದೆ, ಅದರಲ್ಲಿ ಕೆಲವು ದೀಪದ ಕಂಬಗಳ ಖರ್ಚು ಕಣ್ಣಿಗೂ ಕಾಣದು. ಮೈದಾನ ತೆರೆದಿಟ್ಟರೆ ಕುಡುಕರು ಸೇರುತ್ತಾರೆ, ಬಾಟಲಿ ಒಡೆದು ಹೋಗುತ್ತಾರೆ ಎಂದು ಮುಖ್ಯೋಪಾಧ್ಯಾಯರು ಆತಂಕಪಡುವುದು ಸುಳ್ಳಲ್ಲ, ನಾನೂ ಬೆಳಿಗ್ಗೆ ಮಕ್ಕಳು ಬರುವ ಮೊದಲು ಗಾಜು ಆರಿಸಿದವನೇ. ಆದರೆ ಅವರು ಸೇರುವುದು ಕತ್ತಲೆಯಿದ್ದಲ್ಲಿ, ಗೋಡೆ ಹಾರಿ ಬಂದು. ಬೀಗದ ಕೈ ಇಟ್ಟುಕೊಂಡು ಗೇಟಿನ ಬಳಿ ಕೂರಲು, ಹೊಸದಾಗಿ ನಡೆಯಲು ಬಂದವರಿಗೆ ಎಷ್ಟು, ಹೇಗೆ ಎಂದು ಹೇಳಿಕೊಡಲು ನಮ್ಮಂಥ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರು ಸಂಬಳವಿಲ್ಲದೆ ಸಿದ್ಧರಿದ್ದೇವೆ. ಇಲಾಖೆಯ ಒಂದು ಆದೇಶ ಬೇಕು, ಅದೂ ಮಾರ್ಚ್‌ಗೆ ಮುಂಚೆ.

ಇಂತಿ,
ಒಬ್ಬ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ಕಲಬುರಗಿ